ಇಂಚು ಮೊದಲು, ಸೆಂಟು ಆಮೇಲೆ

ಕಳಸದ ಪೇಟೆಯಲ್ಲಿ ಓಂಕಾರಪ್ಪನವರ ದಿನಸಿ ಅಂಗಡಿಯಿಂದ ಸಾಮಾನು ಕಟ್ಟಿಸಿಕೊಂಡು ಹೋದವರಿಗೆಲ್ಲ ಒಂದು ವಿಷಯ ಗೊತ್ತು. ಅಲ್ಲಿ ಪೊಟ್ಟಣಕ್ಕೆ ದಾರ ಎರಡೇ ಸುತ್ತು. ಮೂರನೆಯ ಸುತ್ತು ಹಾಕಿ ಎಂದು ಯಾರಾದರೂ ಕೇಳಿದರೆ, ಎರಡಕ್ಕೆ ನಿಲ್ಲುವುದಕ್ಕೆ ಮೂರು ಯಾಕೆ ಎಂದು ಅವರು ಗಿರಾಕಿಯನ್ನೇ ಕೇಳುತ್ತಿದ್ದರು. ಜಿಪುಣತನವಲ್ಲ ಅದು, ಒಂದು ನಮೂನೆಯ ಅಚ್ಚುಕಟ್ಟು. ಅವರ ಮಗ ಚನ್ನಬಸವನಿಗೆ ಅಂಗಡಿಯ ಗಲ್ಲಾಪೆಟ್ಟಿಗೆ ಹಿಡಿಸಲಿಲ್ಲ, ಆದರೆ ಎರಡು ಸುತ್ತಿನ ಬುದ್ಧಿ ಮಾತ್ರ ಮನೆತನದ ಮೂಗಿನ ಜೊತೆಗೇ ಬಂದಿತ್ತು. ಹೆಚ್ಚಿನದು ಯಾವುದು ಕಂಡರೂ ಅವನಿಗೆ ಕೈ ತುರಿಸುತ್ತಿತ್ತು.

ತೊಂಬತ್ತೆರಡರಲ್ಲಿ ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಅವನು ಕುದುರೆಮುಖದ ಕಬ್ಬಿಣದ ಗಣಿಯ ಟೌನ್‌ಶಿಪ್ಪಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೋಣೆಯ ಕೆಲಸಕ್ಕೆ ಸೇರಿದ. ಹೊರಗೆ ಮಂಜು, ಒಳಗೆ ಏಸಿ. ಹನ್ನೆರಡು ತಿಂಗಳೂ ಸ್ವೆಟರ್. ಕೋಣೆಯ ನಡುವೆ ಬೀರುವಿನಷ್ಟು ಎತ್ತರದ ಒಂದು ದೊಡ್ಡ ಯಂತ್ರವಿತ್ತು. ಟೌನ್‌ಶಿಪ್ಪಿನ ಮೂರು ನೀರಿನ ಟ್ಯಾಂಕುಗಳಲ್ಲಿ ಎಷ್ಟೆಷ್ಟು ನೀರಿದೆ ಎಂಬುದನ್ನು ಕೋಣೆಯಲ್ಲೇ ಕೂತು ತಿಳಿಯುವ ಪ್ರೋಗ್ರಾಂ ಬರೆಯುವುದು ಅವನ ಮೊದಲ ಕೆಲಸ. ಪ್ರತಿ ಟ್ಯಾಂಕಿಗೂ ಒಂದು ಪೆಟ್ಟಿಗೆ, ಪೆಟ್ಟಿಗೆಯಿಂದ ತಂತಿ, ತಂತಿಯ ಇನ್ನೊಂದು ತುದಿಯಲ್ಲಿ ದೊಡ್ಡ ಯಂತ್ರ.

ಹೀಗೆ ನೆಟ್‌ವರ್ಕಿಗೆ ಸೇರುವ ಪ್ರತಿಯೊಂದು ಪೆಟ್ಟಿಗೆಗೂ ಕಾರ್ಖಾನೆಯಲ್ಲೇ ಒಂದು ವಿಳಾಸ ಕೆತ್ತಿ ಕಳಿಸಿರುತ್ತಾರೆ. ಆರು ಬೈಟುಗಳ ವಿಳಾಸ, ಎರಡೆರಡು ಅಕ್ಷರಗಳ ಆರು ಜೋಡಿ. ಹುಟ್ಟುಮಚ್ಚೆಯ ಹಾಗೆ ಅದು. ಪೆಟ್ಟಿಗೆ ಯಾವ ಊರಿಗೆ ಹೋದರೂ ಬದಲಾಗದು. ಅದನ್ನು ಅಕ್ಷರದಿಂದ ಬೈಟಿಗೆ ತಿರುಗಿಸಲು, ಬೈಟಿನಿಂದ ಅಕ್ಷರಕ್ಕೆ ತರಲು, ಈ ವಿಳಾಸದ ಪೆಟ್ಟಿಗೆಯ ಹೆಸರೇನು ಎಂದು ಪಟ್ಟಿಯಲ್ಲಿ ಹುಡುಕಲು ಯಾರೋ ಪುಣ್ಯಾತ್ಮರು ಮೊದಲೇ ಫಂಕ್ಷನ್ನುಗಳನ್ನು ಬರೆದು ಯಂತ್ರದ ಲೈಬ್ರರಿಯಲ್ಲಿ ಇಟ್ಟಿದ್ದರು. ಚನ್ನಬಸವನಿಗೆ ಈ ಫಂಕ್ಷನ್ನುಗಳೆಂದರೆ ಪ್ರೀತಿ. ಮೂರು ಟ್ಯಾಂಕುಗಳ ವಿಳಾಸವೂ ಅವನಿಗೆ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಹೆಂಡತಿ ತನುಜಾಳಿಗೆ ಅದನ್ನು ಹೇಳಿ ತೋರಿಸಿದಾಗ ಅವಳು ನಕ್ಕು, ನನ್ನ ಹುಟ್ಟಿದ ದಿನ ಯಾವತ್ತು ಹೇಳಿ ನೋಡೋಣ ಎಂದಿದ್ದಳು. ಅದು ಅವನಿಗೆ ನೆನಪಿರಲಿಲ್ಲ.

ಅದೇ ಲೈಬ್ರರಿಯಲ್ಲಿ ಇನ್ನೊಂದು ಫಂಕ್ಷನ್ ಇತ್ತು. ಐದೇ ಅಕ್ಷರದ ಹೆಸರು, ಎನ್-ಟಿ-ಓ-ಎಚ್-ಎಸ್. ಅದನ್ನು ಅವನಿಗೆ ಹೇಳಿಕೊಟ್ಟವರು ಕೋಣೆಯ ಹಿರಿಯರಾದ ಮಲ್ಲಿಕಾರ್ಜುನಪ್ಪನವರು. ಮೂಡಿಗೆರೆ ಕಡೆಯ ಸಣ್ಣ ತೋಟದ ಮನೆಯವರು, ಹಾಗಾಗಿ ಮಳೆಯ ಲೆಕ್ಕದಲ್ಲೇ ಹೇಳಿದರು. ಈ ಸೀಮೆಯ ತೋಟಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಒಬ್ಬರಿಗೊಬ್ಬರು ಫೋನಿನಲ್ಲಿ ಹೇಳುವುದು ರೂಢಿ. "ಎರಡು ಹತ್ತು" ಎಂದರೆ ಎರಡು ಇಂಚು ಹತ್ತು ಸೆಂಟು; ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಇಂಚು ಮೊದಲು, ಸೆಂಟು ಆಮೇಲೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಬಿಡಿಸಿ ಹೇಳುವುದಿಲ್ಲ. ಆದರೆ ಕೇಳುವವನು ಸೆಂಟನ್ನು ಮೊದಲು ಬರೆದುಕೊಳ್ಳುವ ಜಾತಿಯವನಾದರೆ ಎರಡು ಇಂಚಿನ ಮಳೆ ಹತ್ತು ಇಂಚಾಗುತ್ತದೆ. ಯಂತ್ರಗಳಲ್ಲೂ ಎರಡು ಜಾತಿ ಎಂದರು ಮಲ್ಲಿಕಾರ್ಜುನಪ್ಪ. ಒಂದು ಬೈಟಿಗೆ ಹಿಡಿಸದ ಸಂಖ್ಯೆಯನ್ನು ಎರಡು ಬೈಟಿನಲ್ಲಿ ಇಡುವಾಗ ಕೆಲವು ಯಂತ್ರ ದೊಡ್ಡ ಪಾಲನ್ನು ಮೊದಲು ಇಡುತ್ತವೆ, ಕೆಲವು ಸಣ್ಣ ಪಾಲನ್ನು. ತಂತಿಯ ಮೇಲೆ ಮಾತ್ರ ಯಾವಾಗಲೂ ದೊಡ್ಡದೇ ಮೊದಲು. ತಂತಿಯಿಂದ ಬಂದದ್ದನ್ನು ತನ್ನ ಯಂತ್ರದ ರೂಢಿಗೆ ತಿರುಗಿಸಿ ಕೊಡುವುದೇ ಆ ಐದಕ್ಷರದ ಕೆಲಸ.

ಚನ್ನಬಸವ ಪರೀಕ್ಷೆ ಮಾಡಿ ನೋಡಿದ. ಕೋಣೆಯ ದೊಡ್ಡ ಯಂತ್ರ ದೊಡ್ಡ ಪಾಲನ್ನೇ ಮೊದಲು ಇಡುವ ಜಾತಿಯದು. ಅಲ್ಲಿ ಆ ಫಂಕ್ಷನ್ ಬರೆದರೂ ಒಂದೇ, ಬಿಟ್ಟರೂ ಒಂದೇ. ಕೊಟ್ಟದ್ದನ್ನು ಹಾಗೇ ಹಿಂದಕ್ಕೆ ಕೊಡುತ್ತಿತ್ತು. ಏನೂ ಮಾಡದ್ದನ್ನು ಯಾಕೆ ಬರೆಯಬೇಕು ಎಂದು ಕೇಳಿದ.

"ಇವತ್ತು ಏನೂ ಮಾಡಲ್ಲ. ಆದ್ರೂ ಬರಿ ಮಾರಾಯ," ಎಂದರು ಮಲ್ಲಿಕಾರ್ಜುನಪ್ಪ. "ನಾಳೆ ಯಾವ ಯಂತ್ರದ ಮೇಲೆ ಕೂರ್ತೀಯೋ ಯಾರಿಗೆ ಗೊತ್ತು?"

ಅವರಿರುವ ತನಕ ಬರೆದ. ಎರಡು ವರ್ಷಕ್ಕೆ ಅವರು ನಿವೃತ್ತರಾಗಿ ತೋಟಕ್ಕೆ ಹೋದರು. ಮರುವಾರವೇ ಚನ್ನಬಸವ ಕೂತು ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಒಪ್ಪ ಮಾಡಿ, ಆ ಐದಕ್ಷರ ಬಂದಲ್ಲೆಲ್ಲ ಅಳಿಸಿದ. ಟ್ಯಾಂಕುಗಳ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಹನ್ನೊಂದು ವರ್ಷ ತಪ್ಪಲಿಲ್ಲ.

ಎರಡು ಸಾವಿರದ ಐದರ ಕೊನೆಗೆ ಗಣಿ ನಿಂತಿತು. ಕ್ವಾರ್ಟರ್ಸುಗಳು ಒಂದೊಂದಾಗಿ ಬೀಗ ಕಂಡವು, ಶಾಲೆಯ ಗಂಟೆ ನಿಂತಿತು, ಆಟದ ಮೈದಾನ ಖಾಲಿಯಾಯಿತು. ದೊಡ್ಡ ಯಂತ್ರವನ್ನು ಲಾರಿಗೆ ಏರಿಸುವಾಗ ಚನ್ನಬಸವ ನಿಂತು ನೋಡಿದ. ತನುಜಾಳನ್ನೂ ಎರಡು ಟ್ರಂಕನ್ನೂ ಒಂದು ಸೀಡಿಯನ್ನೂ ತೆಗೆದುಕೊಂಡು ಕಳಸಕ್ಕೆ ಬಂದ. ಸೀಡಿಯಲ್ಲಿ ಅವನ ಪ್ರೋಗ್ರಾಮುಗಳಿದ್ದವು. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಜಾಗ ಬಿಟ್ಟುಕೊಟ್ಟರು. ಮೂವತ್ತಾರರ ಮಗ ಬೇಳೆ ತೂಗುತ್ತಾ ಒಂದು ತಿಂಗಳು ಕೂತ.

ಅವನನ್ನು ಅಲ್ಲಿಂದ ಎಬ್ಬಿಸಿದವರು ಹೆಗ್ಗರೆ ಕಾಫಿ ಎಸ್ಟೇಟಿನ ಧಣಿ ಪುಟ್ಟಸ್ವಾಮಿಯವರು. ಒಳ್ಳೆಯ ಮನುಷ್ಯರು, ಹೊಸತೆಂದರೆ ಮೈಯೆಲ್ಲಾ ಕಿವಿ. ಎಸ್ಟೇಟಿನ ಆಫೀಸಿಗೆ ಚಿಕ್ಕಮಗಳೂರಿನಿಂದ ಕಂಪ್ಯೂಟರ್ ತರಿಸಿದ್ದರು, ಅದನ್ನು ನೋಡಿಕೊಳ್ಳಲು ಲೆಕ್ಕಪತ್ರ ಬರೆಯುವ ಒಬ್ಬ ರೈಟರ್ ಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಅವರ ತಲೆಯಲ್ಲಿ ಬಹಳ ಕಾಲದಿಂದ ಒಂದು ಯೋಚನೆ ಕೂತಿತ್ತು.

ಎಸ್ಟೇಟಿನ ನಡುವೆ ಸೀಗೆಹಳ್ಳ ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ತಡೆಗೋಡೆಯಿಲ್ಲದ ಒಂದು ತಗ್ಗಿನ ಸೇತುವೆ. ಆಳುಗಳ ಲೈನ್ ಮನೆಗಳು ಈಚೆಗೆ, ನರ್ಸರಿ ಆಚೆಗೆ. ಹಳ್ಳದ ಗುಣ ಏನೆಂದರೆ, ಮೇಲೆ ಗುಡ್ಡದ ತಲೆಗೆ ಮಳೆ ಹೊಡೆದರೆ ಕೆಳಗೆ ಸೇತುವೆಯ ಹತ್ತಿರ ಬಿಸಿಲಿದ್ದಾಗಲೂ ನೀರು ಗೋಡೆಯ ಹಾಗೆ ಎದ್ದು ಬರುತ್ತದೆ. ಅದಕ್ಕಾಗಿ ಮೂರು ಮೈಲಿ ಮೇಲೆ, ಹಳ್ಳದೊಳಗೆ ಒಂದು ಗುರುತಿನ ಕಲ್ಲು ನೆಟ್ಟು, ಪಕ್ಕದ ಗುಡಿಸಲಲ್ಲಿ ಮಳೆಗಾಲದ ನಾಲ್ಕು ತಿಂಗಳು ಮಾರಯ್ಯನನ್ನು ಕೂರಿಸುತ್ತಿದ್ದರು. ಮಾರಯ್ಯ ಎಸ್ಟೇಟಿನ ಹಳೆಯ ಆಳು. ನೀರು ಕಲ್ಲಿನ ಮೇಲಿನ ಗೆರೆ ಮುಟ್ಟಿದ ಕೂಡಲೇ ಕೋವಿಯಿಂದ ಎರಡು ಈಡು ಹೊಡೆಯುತ್ತಿದ್ದ. ಆ ಶಬ್ದ ಕೇಳಿದರೆ ಸೇತುವೆಯ ಮೇಲೆ ಯಾರೂ ಕಾಲಿಡುವಂತಿಲ್ಲ; ನೀರು ಬರಲು ಇನ್ನು ಅರ್ಧ ಗಂಟೆ ಎಂದು ಅರ್ಥ. ಇಪ್ಪತ್ತೆರಡು ಮಳೆಗಾಲ ಅವನು ಹಾಗೆ ಕೂತಿದ್ದ. ಒಂದು ಕರುವೂ ಕೊಚ್ಚಿ ಹೋಗಿರಲಿಲ್ಲ. ಗುಡಿಸಲ ಪಕ್ಕದಲ್ಲೇ ಎಸ್ಟೇಟಿನ ಮಳೆ ಮಾಪನವೂ ಇದ್ದದ್ದರಿಂದ, ಬೆಳಿಗ್ಗೆ ಎಂಟಕ್ಕೆ ಅಳೆದು, ಅಲ್ಲಿಗೆ ಎಳೆದಿದ್ದ ಒಳಫೋನಿನಲ್ಲಿ "ಎರಡು ಹತ್ತು", "ಒಂದು ಅರವತ್ತು" ಎಂದು ಆಫೀಸಿಗೆ ಹೇಳುವ ಕೆಲಸವೂ ಅವನದೇ.

ಮಾರಯ್ಯನಿಗೆ ವಯಸ್ಸಾಯಿತು, ಚಳಿಯಲ್ಲಿ ಎಷ್ಟು ಕಾಲ ಕೂರಿಸುವುದು ಎಂಬುದು ಪುಟ್ಟಸ್ವಾಮಿಯವರ ಯೋಚನೆ. ಕಲ್ಲಿನ ಹತ್ತಿರ ನೀರಿನ ಮಟ್ಟ ಅಳೆಯುವ ಪೆಟ್ಟಿಗೆ, ಗುಡ್ಡದಿಂದ ಗುಡ್ಡಕ್ಕೆ ಆಂಟೆನಾ, ಆಫೀಸಿನಲ್ಲಿ ಕಂಪ್ಯೂಟರ್, ಸೇತುವೆಯ ಹತ್ತಿರ ಒಂದು ಕಂಬಕ್ಕೆ ಹಸಿರು ದೀಪ, ಕೆಂಪು ದೀಪ ಮತ್ತು ಸೈರನ್. ಆಗುತ್ತದಾ ಎಂದು ಕೇಳಿದರು. ಚನ್ನಬಸವನಿಗೆ ಅಂದು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಸೇರಿತು. ಟ್ಯಾಂಕಿನ ನೀರಾದರೇನು, ಹಳ್ಳದ ನೀರಾದರೇನು? ಪ್ರೋಗ್ರಾಂ ಸೀಡಿಯಲ್ಲಿ ಸಿದ್ಧವಾಗಿತ್ತು.

ಮಾರ್ಚಿನೊಳಗೆ ಎಲ್ಲ ಎದ್ದು ನಿಂತಿತು. ಮೇಲಿನ ಪೆಟ್ಟಿಗೆಯ ಆರು ಬೈಟಿನ ವಿಳಾಸವನ್ನು ಪಟ್ಟಿಗೆ ಸೇರಿಸಿ, ಮುಂದೆ 'ಮೇಲ್ಗಲ್ಲು' ಎಂದು ಹೆಸರು ಕೊಟ್ಟು, ಪ್ರೋಗ್ರಾಮನ್ನು ಓಡಿಸಿದ. ತೆರೆಯ ಮೇಲೆ ಮೇಲ್ಗಲ್ಲಿನ ಹೆಸರು ಸರಿಯಾಗಿ ಮೂಡಿತು. ಮೂಡಲೇಬೇಕು, ವಿಳಾಸದ ಬೈಟುಗಳನ್ನು ಯಾವ ಜಾತಿಯ ಯಂತ್ರವೂ ಅದಲುಬದಲು ಮಾಡುವುದಿಲ್ಲ, ಬರೆದ ಸಾಲಿನಲ್ಲೇ ಓದುತ್ತದೆ. ಅದರ ಮುಂದೆ ನೀರಿನ ಮಟ್ಟ: ಸೊನ್ನೆ. ಮಾರಯ್ಯ ಮೇಲಿನಿಂದ ಫೋನು ಮಾಡಿ, ನೀರು ಕಲ್ಲಿನ ಬುಡಕ್ಕಿಂತ ಕೆಳಗಿದೆ, ಸೊನ್ನೆಯೇ ಸರಿ ಎಂದ. ಮರುದಿನವೂ ಸೊನ್ನೆ, ವಾರವಿಡೀ ಸೊನ್ನೆ. ಬೇಸಿಗೆಯ ಹಳ್ಳ ಇನ್ನೇನು ತೋರಿಸೀತು? ಪೆಟ್ಟಿಗೆಯ ನೀರಳೆಯುವ ಕೋಲನ್ನು ಒಂದು ಬಕೆಟ್ ನೀರಿನಲ್ಲಿ ಅದ್ದಿ ನೋಡಿದ್ದರೆ ಆಗುತ್ತಿತ್ತು. ಹನ್ನೊಂದು ವರ್ಷ ತಪ್ಪದ ಪ್ರೋಗ್ರಾಮಿಗೆ ಬಕೆಟ್ ಹೊರುವ ಶ್ರಮ ಅವನಿಗೆ ಹೆಚ್ಚಿನದೆನಿಸಿತು. ಸೊನ್ನೆಯನ್ನು ಹಿಂದುಮುಂದು ಮಾಡಿದರೂ ಅದು ಸೊನ್ನೆಯೇ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಆಫೀಸಿನ ಹೊಸ ಕಂಪ್ಯೂಟರ್ ಇನ್ನೊಂದು ಜಾತಿಯದು, ಸಣ್ಣ ಪಾಲನ್ನು ಮೊದಲು ಇಡುವಂಥದ್ದು ಎಂಬುದೂ ಹೊಳೆಯಲಿಲ್ಲ.

ಮಟ್ಟ ಅರವತ್ತು ಸೆಂಟಿಮೀಟರ್ ದಾಟಿದರೆ ಕೆಂಪು ದೀಪ. ಮುನ್ನೂರು ದಾಟಿದರೆ ಅದು ಸಿಡಿಲಿನಿಂದ ಬಂದ ಸುಳ್ಳು ಲೆಕ್ಕವೆಂದು ಬಿಟ್ಟು, ಹಿಂದಿನ ಒಳ್ಳೆಯ ಲೆಕ್ಕವನ್ನೇ ಉಳಿಸಿಕೊಳ್ಳುವುದು. ಇದು ಟ್ಯಾಂಕಿನ ಕಾಲದಿಂದ ಇದ್ದ ನಿಯಮ. ಟ್ಯಾಂಕಿನ ಎತ್ತರ ಮೂರು ಮೀಟರ್ ಇತ್ತು.

ಮೇ ಹದಿನೆಂಟರ ಮಧ್ಯಾಹ್ನ ಗುಡುಗಿನ ಮಳೆ ಬಂತು. ಮೂರು ಗಂಟೆಗೆ ಸೇತುವೆಯ ಸೈರನ್ ಎಸ್ಟೇಟೆಲ್ಲ ಕೇಳುವಂತೆ ಕೂಗಿತು. ತೆರೆಯ ಮೇಲೆ ಇನ್ನೂರ ಐವತ್ತಾರು. ಆಳುಗಳೆಲ್ಲ ಹಳ್ಳದ ಆಚೆ ಈಚೆ ಓಡಿ ನಿಂತರು. ಅರ್ಧ ಗಂಟೆ ಕಾದರೂ ನೀರು ಬರಲಿಲ್ಲ. ಮಾರಯ್ಯ ಮೇಲೆ ಹೋಗಿ ನೋಡಿ, ನೀರು ಕಲ್ಲಿನ ಬುಡದಲ್ಲಿ ಒಂದು ಬೆರಳ ದಪ್ಪ ಇದೆ, ಅಷ್ಟೇ ಎಂದ. ಹೆಂಗಸರು ನಕ್ಕರು. ಮಾರಯ್ಯನ ಹೆಂಡತಿ ದ್ಯಾವಮ್ಮ, ನರ್ಸರಿಯಲ್ಲಿ ಸಸಿ ಮಾಡುವವಳು, ಬಾಯಿಗೆ ಸೆರಗಿಟ್ಟು, ಮನೆಯಲ್ಲಿ ಮುದುಕ ಬೈಯೋದು ಸಾಲದು ಅಂತ ಈಗ ಕಂಬವೂ ಬೈಯುತ್ತಲ್ಲ ಎಂದು ಚೇಷ್ಟೆ ಮಾಡಿದಳು. ಅವಳ ಮಾತಿಗೆ ಎಲ್ಲರ ಹೆದರಿಕೆ ಇಳಿಯಿತು.

ಚನ್ನಬಸವನಿಗೆ ಮಾತ್ರ ಅವಮಾನವಾಯಿತು. ಇನ್ನೂರ ಐವತ್ತಾರು. ಬೈಟಿನ ಗಂಧ ಗಾಳಿ ಇರುವ ಯಾರಿಗಾದರೂ ಕಣ್ಣಿಗೆ ಹೊಡೆಯಬೇಕಾದ ಸಂಖ್ಯೆ. ಮಟ್ಟ ಬರುವುದು ಎರಡು ಬೈಟಿನಲ್ಲಿ, ದೊಡ್ಡ ಪಾಲಿನ ಒಂದೊಂದಕ್ಕೂ ಇನ್ನೂರ ಐವತ್ತಾರರ ಬೆಲೆ; ಒಂದನ್ನು ಹಿಂದುಮುಂದಾಗಿ ಓದಿದರೆ ಆಗುವುದು ಅದೇ. ಹದಿನಾಲ್ಕು ವರ್ಷ ಆ ಕೆಲಸದಲ್ಲೇ ಬದುಕಿದವನು ಅದನ್ನು ನೋಡಿ ಸಿಡಿಲು ಎಂದ. ಆ ಹಳ್ಳದಲ್ಲಿ ಎರಡು ಮೀಟರಿಗಿಂತ ಹೆಚ್ಚು ನೀರನ್ನು ಮಾರಯ್ಯನೂ ಕಂಡಿರಲಿಲ್ಲವಾದ್ದರಿಂದ ಮಿತಿಯನ್ನು ಮುನ್ನೂರರಿಂದ ಇನ್ನೂರಕ್ಕೆ ಇಳಿಸಿದ. ಸೈರನ್ ಮತ್ತೆ ಸುಮ್ಮನೆ ಕೂಗಲಿಲ್ಲ.

ಮೇ ಕೊನೆಯಲ್ಲಿ ಮಾರಯ್ಯ ಆಫೀಸಿನ ಜಗಲಿಗೆ ಬಂದು ನಿಂತ. ಪುಟ್ಟಸ್ವಾಮಿಯವರೂ ಇದ್ದರು. ಅವನನ್ನು ಗೋಡೌನಿನ ಕೆಲಸಕ್ಕೆ ಹಾಕಿಯಾಗಿತ್ತು. ಬೆಳಿಗ್ಗೆ ಮೇಲೆ ಹೋಗಿ ಮಳೆ ಅಳೆದು ಬಂದರೆ ಆಯಿತು.

"ಇದೊಂದು ಮಳೆಗಾಲ ನಾನೂ ಕೂತಿರ್ತೀನಿ ಧಣಿ," ಎಂದ. "ಪೆಟ್ಟಿಗೆ ಹೊಸ್ದು. ಹಳ್ಳ ಹಳೇದು."

ಪುಟ್ಟಸ್ವಾಮಿಯವರು ಚನ್ನಬಸವನ ಕಡೆ ತಿರುಗಿ, "ನೀನೇನಂತೀಯ ಮಾರಾಯ?" ಎಂದು ಕೇಳಿದರು.

ಅವರು ನಿಜವಾಗಿಯೂ ಕೇಳಿದ್ದರು. ಕೂರಲಿ ಎಂದು ಚನ್ನಬಸವ ಅಂದಿದ್ದರೆ ಮಾರಯ್ಯ ಕೋವಿ ತೆಗೆದುಕೊಂಡು ಆ ಕ್ಷಣವೇ ಹೊರಡುತ್ತಿದ್ದ. ಚನ್ನಬಸವನ ಕಣ್ಣಿಗೆ ಅದು ಪೊಟ್ಟಣದ ಮೂರನೆಯ ಸುತ್ತಾಗಿ ಕಂಡಿತು. ಒಂದು ಕೆಲಸಕ್ಕೆ ಎರಡು ಕಾವಲು ಇಟ್ಟರೆ ಪೆಟ್ಟಿಗೆ ಹಾಕಿದ್ದಾದರೂ ಯಾಕೆ? ಸೈರನ್ ಕೂಗಿದ ದಿನದ ನಗು ಇನ್ನೂ ಕಿವಿಯಲ್ಲಿತ್ತು, ಅದೂ ಸೇರಿಕೊಂಡಿತು.

"ಬೇಡ, ಸುಮ್ನೆ ಯಾಕೆ," ಎಂದ.

ಮಾರಯ್ಯ ಗೋಡೌನಿಗೆ ಹೋದ.

ಜೂನ್ ಒಂಬತ್ತರ ಸಂಜೆ ನಾಲ್ಕೂವರೆ. ಮುಂಗಾರು ಬಂದು ಐದು ದಿನವಾಗಿತ್ತು, ಆದರೆ ಅಂದು ಮಧ್ಯಾಹ್ನದಿಂದ ಕೆಳಗೆ ಮಳೆ ಬಿಟ್ಟು ಹೊಳವಾಗಿತ್ತು. ಗುಡ್ಡದ ತಲೆ ಮಾತ್ರ ಕಪ್ಪಾಗಿತ್ತು. ನರ್ಸರಿಯಿಂದ ಮೂವರು ಹೆಂಗಸರು ಹೊರಟರು. ಕಂಬದ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಇಬ್ಬರು ದಾಟಿದರು. ದ್ಯಾವಮ್ಮ ನೆಡುವುದಕ್ಕೆಂದು ಮೆಣಸಿನ ಬಳ್ಳಿಯ ಹೊರೆ ಹೊತ್ತಿದ್ದರಿಂದ ಹಿಂದೆ ಉಳಿದಿದ್ದಳು. ಅವಳು ಸೇತುವೆಯ ನಡುವೆ ಇದ್ದಾಗ ತಿರುವಿನಲ್ಲಿ ಸದ್ದು ಕೇಳಿತು. ದಾಟಿದ ಇಬ್ಬರು ಕೂಗಿದರು. ಅವಳು ತಲೆಯೆತ್ತಿ ಮೊದಲು ದೀಪವನ್ನು ನೋಡಿದಳಂತೆ, ಆಮೇಲೆ ಹಳ್ಳವನ್ನು. ದೀಪ ನೋಡದೆ ಓಡಿದ್ದರೆ ನಾಲ್ಕು ಹೆಜ್ಜೆ ಇತ್ತು ಎಂದು ಆ ಇಬ್ಬರೂ ಹೇಳುತ್ತಾರೆ.

ಗೋಡೌನಿನಲ್ಲಿ ಚೀಲ ಜೋಡಿಸುತ್ತಿದ್ದ ಮಾರಯ್ಯನಿಗೆ ನೀರಿನ ಸದ್ದು ಕೇಳಿ ಗೊತ್ತಾಯಿತು. ಇಪ್ಪತ್ತೆರಡು ವರ್ಷ ಕೇಳಿದ ಸದ್ದು. ಯಾರನ್ನೂ ಏನೂ ಕೇಳದೆ ಹಳ್ಳದ ಕಡೆ ಓಡಿದ. ಆಫೀಸಿನಲ್ಲಿ ಚನ್ನಬಸವ ತೆರೆ ನೋಡಿದ. ಮೇಲ್ಗಲ್ಲು, ಸೊನ್ನೆ.

ಮೂರನೆಯ ದಿನ, ಹಳ್ಳ ಭದ್ರೆಗೆ ಸೇರುವಲ್ಲಿ, ದ್ಯಾವಮ್ಮ ಸಿಕ್ಕಿದಳು.

ಜನ ಪೆಟ್ಟಿಗೆಯನ್ನು ಬೈದರು. ಸಿಡಿಲಿಗೆ ಸುಟ್ಟಿರಬೇಕು ಎಂದರು ಕೆಲವರು, ಹಣೆಬರಹ ಎಂದರು ಉಳಿದವರು. ಪುಟ್ಟಸ್ವಾಮಿಯವರು ಚನ್ನಬಸವನ ಹೆಗಲ ಮೇಲೆ ಕೈಯಿಟ್ಟು, ಯಂತ್ರ ಕೈಕೊಟ್ಟರೆ ನೀನೇನು ಮಾಡ್ತೀಯ ಎಂದರು. ಅವನೂ ಹಾಗೇ ನಂಬಿದ್ದ. ಸುಟ್ಟ ಪೆಟ್ಟಿಗೆಯನ್ನು ಬಿಚ್ಚಿ ತರಲೆಂದು ವಾರದ ಮೇಲೆ ಮೇಲ್ಗಲ್ಲಿಗೆ ಹೋದ. ಪೆಟ್ಟಿಗೆ ಸುಟ್ಟಿರಲಿಲ್ಲ. ಅದರ ಪುಟ್ಟ ಕಿಟಕಿಯಲ್ಲಿ ನಲವತ್ತೊಂದು ಎಂದು ಬರೆದಿತ್ತು. ಕೋಲು ಇಟ್ಟು ಅಳೆದ. ನಲವತ್ತೊಂದೇ ಇತ್ತು.

ನೇರ ಇಳಿದು ಬಂದ. ಆಫೀಸಿನ ಬಾಗಿಲು ಹಾಕಿಕೊಂಡು, ಪ್ರೋಗ್ರಾಂ ಬಿಟ್ಟ ಲೆಕ್ಕಗಳನ್ನೆಲ್ಲ ಬರೆದಿಡುವ ಫೈಲನ್ನು ತೆರೆದ. ಯಾರೂ ಓದದ ಫೈಲು ಅದು. ಸಾವಿರಾರು ಸಾಲು. ಜೂನ್ ಒಂಬತ್ತು, ಮೂರೂ ಮುಕ್ಕಾಲು: ಏಳು ಸಾವಿರದ ಆರುನೂರ ಎಂಬತ್ತು, ಸುಳ್ಳು ಲೆಕ್ಕ, ಬಿಡಲಾಗಿದೆ. ಮೂರೂ ಐವತ್ತೈದು: ಹತ್ತೊಂಬತ್ತು ಸಾವಿರದ ಇನ್ನೂರು, ಸುಳ್ಳು ಲೆಕ್ಕ, ಬಿಡಲಾಗಿದೆ. ನಾಲ್ಕೂ ಇಪ್ಪತ್ತು: ನಲವತ್ತಾರು ಸಾವಿರದ ಎಂಬತ್ತು. ಒಂದು ಚೀಟಿಯ ಮೇಲೆ ಒಂದೊಂದನ್ನೂ ಇನ್ನೂರ ಐವತ್ತಾರರಿಂದ ಭಾಗಿಸಿದ. ಮೂವತ್ತು. ಎಪ್ಪತ್ತೈದು. ನೂರ ಎಂಬತ್ತು. ಶೇಷವಿಲ್ಲದೆ ಹೋದವು. ಪೆಟ್ಟಿಗೆ ದ್ಯಾವಮ್ಮ ಸೇತುವೆಗೆ ಕಾಲಿಡುವ ಅರ್ಧ ಗಂಟೆಗೂ ಮೊದಲೇ ಎಪ್ಪತ್ತೈದು ಎಂದಿತ್ತು. ನಿಮಿಷ ನಿಮಿಷಕ್ಕೂ ಹೇಳಿತ್ತು. ಅವನ ಪ್ರೋಗ್ರಾಂ ಅದನ್ನು ಹಿಂದುಮುಂದಾಗಿ ಓದಿ, ಸುಳ್ಳು ಎಂದು ಬರೆದು, ಹಳೆಯ ಸೊನ್ನೆಯನ್ನು ದೀಪಕ್ಕೆ ಕೊಡುತ್ತಲೇ ಇತ್ತು.

ಪ್ರೋಗ್ರಾಂ ತೆರೆದು ಆ ಐದಕ್ಷರವನ್ನು ಬರೆದ. ಎರಡು ಸಲ ಅಳಿಸಿ ಬರೆದ. ತೆರೆಯ ಮೇಲೆ ಮೇಲ್ಗಲ್ಲು, ನಲವತ್ತೊಂದು ಎಂದು ಬಂತು. ಆಗ ಅವನಿಗೆ ಅಳು ಬಂತು.

ಮನೆಯಲ್ಲಿ ಅಪ್ಪನಿಗೂ ತನುಜಾಳಿಗೂ ಹೇಳಿದ. ಓಂಕಾರಪ್ಪ, ಹೋದ ಜೀವ ಬರುತ್ತದಾ, ಯಾರಿಗೂ ತಿಳಿಯದ್ದನ್ನು ಯಾಕೆ ಕೆದಕುತ್ತೀಯ ಎಂದರು. ಮಗನಿಗೆ ಏನಾಗುತ್ತದೋ ಎಂಬ ಹೆದರಿಕೆಯಿಂದಲೇ ಅಂದರು, ಕಲ್ಲು ಮನಸ್ಸಿನವರಲ್ಲ ಅವರು. ಚನ್ನಬಸವನೂ ಅದಕ್ಕೆ ಜೋತುಬಿದ್ದ. ಒಂದು ತಿಂಗಳು ದಾಟಿತು. ದಿನವೂ ಬೆಳಿಗ್ಗೆ ಎಂಟಕ್ಕೆ ಮಾರಯ್ಯನ ಫೋನು ಬರುತ್ತಿತ್ತು; ಅವನು ಈಗ ಯಾರನ್ನೂ ಕೇಳದೆ ಕೋವಿ ಹಿಡಿದು ಮೇಲ್ಗಲ್ಲಿನ ಗುಡಿಸಲಿಗೆ ವಾಪಸಾಗಿದ್ದ. "ಮೂರು ಇಪ್ಪತ್ತು" ಎಂದು ಹೇಳಿ ಇಡುತ್ತಿದ್ದ. ಆ ದನಿ ಕೇಳಿದ ದಿನವೆಲ್ಲ ಚನ್ನಬಸವ ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಬಿಡುತ್ತಿದ್ದ. ಒಂದು ದಿನ ತನುಜಾ ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡು, "ಅವರಿಗೆ ಹೇಳಿ ಬನ್ನಿ. ಆಮೇಲೆ ಬಡಿಸ್ತೀನಿ," ಎಂದಳು.

ಅಂದೇ ಹೋದ. ಜುಲೈ ಮಳೆ, ದಾರಿಯುದ್ದಕ್ಕೂ ಜಿಗಣೆ. ಮಾರಯ್ಯ ಗುಡಿಸಲ ಬಾಗಿಲಲ್ಲಿ ಕಂಬಳಿ ಹೊದ್ದು, ಮೊಣಕಾಲ ಮೇಲೆ ಕೋವಿ ಇಟ್ಟುಕೊಂಡು ಕಲ್ಲನ್ನೇ ನೋಡುತ್ತಾ ಕೂತಿದ್ದ. ಎಸ್ಟೇಟಿನಲ್ಲಿ ಎಲ್ಲರ ಹಾಗೆ ಚನ್ನಬಸವನೂ ಅವನನ್ನು ಇಷ್ಟು ದಿನ ಏಕವಚನದಲ್ಲೇ ಕರೆಯುತ್ತಿದ್ದ. ಅಂದು ಬಾಯಿಗೆ ಬಂದದ್ದು ನೀವು ಎಂದೇ.

"ಪೆಟ್ಟಿಗೆ ಕೆಟ್ಟಿರ್ಲಿಲ್ಲ ಮಾರಯ್ಯ. ನಿಮಗೆ ಹೇಳ್ಬೇಕಿತ್ತು."

ಹೇಳಿದ. ಬೈಟು, ಯಂತ್ರದ ಜಾತಿ ಎಂದೆಲ್ಲ ಶುರು ಮಾಡಿ, ಅದು ಬೇಡವೆಂದು ಬಿಟ್ಟು, ಮಲ್ಲಿಕಾರ್ಜುನಪ್ಪನವರು ತನಗೆ ಹೇಳಿಕೊಟ್ಟ ಹಾಗೆಯೇ ಹೇಳಿದ. ನೀವು ಫೋನಿನಲ್ಲಿ ಎರಡು ಹತ್ತು ಅನ್ನುತ್ತೀರಿ, ಕೇಳುವವನು ಹತ್ತು ಇಂಚು ಎರಡು ಸೆಂಟು ಎಂದು ಬರೆದುಕೊಂಡು, ಅಷ್ಟು ಮಳೆ ಎಲ್ಲಾದರೂ ಉಂಟಾ, ಇವನು ಸುಳ್ಳು ಹೇಳುತ್ತಾನೆ ಎಂದು ಕಾಗದವನ್ನು ಹರಿದು ಹಾಕಿದ ಹಾಗಾಯಿತು ಎಂದ. ಇಪ್ಪತ್ತೆರಡು ವರ್ಷ ಮಳೆ ಅಳೆದವನಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಮಾರಯ್ಯ ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ. "ಹಂಗಾರೆ ಪೆಟ್ಟಿಗೆ ಸರಿಯಾಗೇ ಹೇಳಿತ್ತು."

"ಹೇಳಿತ್ತು."

"ಅದನ್ನ ಸರಿ ಮಾಡಾಕೆ ಏನು ಬೇಕಿತ್ತು?"

"ಒಂದು ಪದ ಬರೀಬೇಕಿತ್ತು. ಮೊದಲು ಇತ್ತು. ನಾನೇ ತೆಗೆದಿದ್ದೆ."

"ಬರಿಯಾಕೆ ಎಷ್ಟು ಹೊತ್ತು ಹಿಡೀತದೆ?"

ಸುಳ್ಳು ಹೇಳಬಹುದಿತ್ತು. "ಒಂದು ನಿಮಿಷ," ಎಂದ ಚನ್ನಬಸವ.

ಬೈಯುತ್ತಾನೆ ಎಂದು ಚನ್ನಬಸವ ಕಾದ. ಹೊಡೆದರೂ ಆದೀತು ಎಂದು ಕಾದ. ಮಾರಯ್ಯ ಕೋವಿಯ ನಳಿಗೆಯ ಮೇಲೆ ಕೂತ ಹನಿಯನ್ನು ಕಂಬಳಿಯ ಅಂಚಿನಿಂದ ಒರೆಸಿದ.

"ನಾನೂ ಕೂತಿರ್ತೀನಿ ಅಂದಿದ್ದೆ," ಎಂದ.

ಅಷ್ಟೇ ಅವನು ಆಡಿದ್ದು. ಚನ್ನಬಸವ ಹೌದು ಎಂದ. ಕತ್ತಲಾಗುವ ಮೊದಲು ಇಳಿದುಬಂದು ಪುಟ್ಟಸ್ವಾಮಿಯವರಿಗೂ ಎಲ್ಲ ಹೇಳಿ, ಕೆಲಸ ಬಿಡುತ್ತೇನೆ ಎಂದ. ಅವರ ಮುಖ ಕಪ್ಪಿಟ್ಟಿತು. ಕೊನೆಗೆ, ಬಿಟ್ಟು ಹೋಗಿ ಎಲ್ಲಿ ಬಚ್ಚಿಟ್ಟುಕೊಳ್ಳುತ್ತೀಯ, ಇಲ್ಲೇ ಇದ್ದು ನೋಡಿಕೋ ಎಂದರು. ದೀಪವೂ ಇರಲಿ, ಮಾರಯ್ಯನೂ ಇರಲಿ ಎಂದರು. ಹಾಗಾಗಿ ಉಳಿದ.

ಮರುದಿನ ಬೆಳಿಗ್ಗೆ ಎಂಟಕ್ಕೆ ಒಳಫೋನು ರಿಂಗಾಯಿತು. ಎತ್ತಿದ.

"ಇಂಚು, ಎರಡು," ಎಂದಿತು ಮಾರಯ್ಯನ ದನಿ. ಸ್ವಲ್ಪ ತಡೆದು, "ಸೆಂಟು, ನಲವತ್ತು."

ಚನ್ನಬಸವ ಬರೆದುಕೊಂಡ. ಫೋನು ಇಡುವ ಸದ್ದು ಬರಲಿಲ್ಲ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಮಾರಯ್ಯ ಏನನ್ನು ಕಾಯುತ್ತಿದ್ದಾನೆ ಎಂಬುದು ತಿಳಿಯಲು ಅವನಿಗೆ ಕೊಂಚ ಹೊತ್ತು ಹಿಡಿಯಿತು.

"ಇಂಚು ಎರಡು, ಸೆಂಟು ನಲವತ್ತು," ಎಂದು ತಿರುಗಿ ಹೇಳಿದ. ಆಗ ಫೋನು ಇಟ್ಟ ಸದ್ದು ಕೇಳಿತು.

ಆಮೇಲೆ ಮೂರು ವರ್ಷದ ಹತ್ತಿರ, ಮಳೆ ಇರಲಿ ಬಿಡಲಿ, ಒಂದು ದಿನವೂ ತಪ್ಪದೆ, ಹಾಗೆಯೇ ನಡೆಯಿತು. ಸಿಟ್ಟಿಲ್ಲ, ಬೈಗುಳವಿಲ್ಲ, ಆ ಸಂಖ್ಯೆಗಳ ಹೊರತು ಅವರಿಬ್ಬರ ನಡುವೆ ಬೇರೆ ಒಂದು ಮಾತೂ ಇಲ್ಲ. ದಾರಿಯಲ್ಲಿ ಎದುರಾದರೆ ಮಾರಯ್ಯ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಮಳೆಗಾಲದಲ್ಲಿ ಕಂಬದ ಮೇಲೆ ಕೆಂಪು ದೀಪ ಹತ್ತುತ್ತಿತ್ತು, ಸೈರನ್ ಕೂಗುತ್ತಿತ್ತು, ಅದರ ಜೊತೆಯಲ್ಲೇ ಮೇಲಿನಿಂದ ಎರಡು ಈಡು ಕೇಳುತ್ತಿತ್ತು. ಆಳುಗಳು ಕಾಯುತ್ತಿದ್ದದ್ದು ಈಡಿನ ಸದ್ದಿಗೆ. ದೀಪವನ್ನು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ ಮಾರಯ್ಯನಿಗೆ ಜ್ವರ ಹಿಡಿಯಿತು. ಕಾಫಿ ಹೂವಿಗೆ ಬೇಕಾದ ಹೂ ಮಳೆಯೂ ಬಾರದೆ ನಲವತ್ತು ದಿನವಾಗಿತ್ತು. ಮಾಪನದೊಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಮಲಗಿರು ಎಂದು ಲೈನಿನವರೆಲ್ಲ ಹೇಳಿದರೂ ಕೇಳದೆ ಅವನು ಮೂರು ಮೈಲಿ ಹತ್ತಿ ಹೋದ. ಎಂಟಕ್ಕೆ ಸರಿಯಾಗಿ ಒಳಫೋನು ರಿಂಗಾಯಿತು.

"ಇಂಚು, ಸೊನ್ನೆ," ಎಂದ. ಕೆಮ್ಮು ಬಂತು. ಕೆಮ್ಮಿ ಮುಗಿಸಿ, "ಸೆಂಟು, ಸೊನ್ನೆ."

ಆಮೇಲೆ ಕಾದ.

"ಇಂಚು ಸೊನ್ನೆ," ಎಂದ ಚನ್ನಬಸವ, "ಸೆಂಟು ಸೊನ್ನೆ."

ಮಾರಯ್ಯ ಫೋನು ಇಟ್ಟ. ಮರುದಿನ ಎಂಟಕ್ಕೆ ಅದು ರಿಂಗಾಗಲಿಲ್ಲ.